ಸ್ಯಾಂಟ್ರೊ ಕೊಟ್ಟು ಕ್ರೆಟಾ: ಮಲೆನಾಡಿಗೆ ಯಾವ ಎಂಜಿನ್, ಯಾವ ಗೇರ್‌ಬಾಕ್ಸ್?

ಪ್ರಶ್ನೆ: ತೀರ್ಥಹಳ್ಳಿ ಪೇಟೆಯಿಂದ 9 ಕಿ.ಮೀ. ಒಳಗೆ ನಮ್ಮ ಮನೆ, ಅಡಿಕೆ ತೋಟ. ಕೊನೆಯ ಒಂದು ಕಿ.ಮೀ. ಏರು ಇರುವ ಮಣ್ಣು ರಸ್ತೆ. ಈಗಿರುವ 2009ರ ಸ್ಯಾಂಟ್ರೊ ಕೊಟ್ಟು, 2020–22ರ ಸೆಕೆಂಡ್ ಹ್ಯಾಂಡ್ ಹ್ಯುಂಡೈ ಕ್ರೆಟಾ ತಗೊಳ್ಳುವ ಯೋಚನೆ ಇದೆ. ದಿನಾ ಪೇಟೆಗೆ ಒಂದು ಸಲ, ವಾರಕ್ಕೊಮ್ಮೆ ಶಿವಮೊಗ್ಗಕ್ಕೆ, ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಹೋಗುತ್ತೇವೆ. ಅಪ್ಪಯ್ಯ 'ಕೊರಿಯಾ ಗಾಡಿ ಬರೀ ತಗಡು' ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಭಾವ 'ಕಣ್ಣು ಮುಚ್ಚಿ ತಗೊಳ್ಳಿ' ಅನ್ನುತ್ತಾರೆ. ಮಗ ಅಮೆರಿಕದಲ್ಲಿ ಇವರ ಎಂಜಿನ್‌ಗಳು ಸೀಜ್ ಆದ ಸುದ್ದಿ ಓದಿ ಹೆದರಿಸುತ್ತಿದ್ದಾನೆ. ಡೀಸೆಲ್, ಟರ್ಬೊ ಆಟೊಮ್ಯಾಟಿಕ್, ಸಾದಾ ಪೆಟ್ರೋಲ್ ಮೂರೂ ನೋಡಲು ಸಿಕ್ಕಿವೆ. ಯಾರ ಮಾತು ಕೇಳುವುದು, ಯಾವುದನ್ನು ಕೊಳ್ಳುವುದು?

ಉತ್ತರ: ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಮೂವರೂ ಹೇಳುತ್ತಿರುವುದು ಬೇರೆ ಬೇರೆ ಇಸವಿಯ, ಬೇರೆ ಬೇರೆ ಎಂಜಿನ್‌ನ ಗಾಡಿಗಳ ವಿಷಯ. ಕಂಪನಿಯ ಹೆಸರು ನೋಡಿ ಕಾರು ಕೊಂಡರೆ ಯಾವ ಕಂಪನಿಯಲ್ಲೂ ಮೋಸ ಹೋಗಬಹುದು. ನೋಡಬೇಕಾದದ್ದು ಎಂಜಿನ್, ಗೇರ್‌ಬಾಕ್ಸ್ ಮತ್ತು ತಯಾರಾದ ವರ್ಷ, ಜೊತೆಗೆ ನಿಮ್ಮ ಓಡಾಟದ ರೀತಿ. ನಿಮ್ಮ ಓಡಾಟಕ್ಕೆ ನನ್ನ ಸಲಹೆ 1.5 ಲೀಟರ್ ಸಾದಾ ಪೆಟ್ರೋಲ್, ಮ್ಯಾನ್ಯುವಲ್ ಗೇರ್. ಡೀಸೆಲ್ ಒಂದು ಷರತ್ತಿನ ಮೇಲೆ ಆದೀತು. 1.4 ಟರ್ಬೊ ಡಿಸಿಟಿ, ಅಂದರೆ ನೀವು ಹೇಳಿದ ಟರ್ಬೊ ಆಟೊಮ್ಯಾಟಿಕ್, ನಿಮಗೆ ಬೇಡ. ಕಾರಣಗಳನ್ನು ಮುಂದೆ ಹೇಳುತ್ತೇನೆ.

ಮೊದಲು ಆ ಮೂರು ಮಾತು. 'ಕೊರಿಯಾ ಗಾಡಿ ತಗಡು' ಅನ್ನುವ ಹೆಸರು ಬಂದದ್ದು ಅಮೆರಿಕದಲ್ಲಿ. 1986ರಲ್ಲಿ ಹ್ಯುಂಡೈ ಅಲ್ಲಿ ಎಕ್ಸೆಲ್ ಎಂಬ ಕಾರನ್ನು 4,995 ಡಾಲರ್‌ಗೆ ಮಾರಿತು. ಮೊದಲ ವರ್ಷವೇ 1.68 ಲಕ್ಷ ಕಾರು ಹೋದವು. ಆದರೆ ಬಾಳಿಕೆ ಬರಲಿಲ್ಲ, ಹೆಸರು ಕೆಟ್ಟಿತು. ಆ ಹೆಸರು ತೊಳೆಯಲು ಕಂಪನಿ 1998ರಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ 10 ವರ್ಷ ಅಥವಾ ಒಂದು ಲಕ್ಷ ಮೈಲಿಯ ವಾರಂಟಿ ಕೊಡಬೇಕಾಯಿತು. ಅಷ್ಟು ದೊಡ್ಡ ವಾರಂಟಿ ಕೊಟ್ಟ ಮೇಲೆ ಕಾರು ಕೆಟ್ಟರೆ ಖರ್ಚು ಕಂಪನಿಯದೇ. ಹಾಗಾಗಿ ಗುಣಮಟ್ಟ ಸುಧಾರಿಸದೆ ಬೇರೆ ದಾರಿ ಇರಲಿಲ್ಲ. ನಮ್ಮಲ್ಲಿ ಸ್ಯಾಂಟ್ರೊ ಬಂದದ್ದೂ ಅದೇ 1998ರಲ್ಲಿ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆ ಕಾರ್ಖಾನೆಯಿಂದ. ನಿಮ್ಮ ಮನೆಯ ಗಾಡಿಯೇ ಆ ಕಾಲದ ಎಂಜಿನ್ ಎಷ್ಟು ಬಾಳಿಕೆ ಬಂತು ಅನ್ನುವುದಕ್ಕೆ ಸಾಕ್ಷಿ.

ಆದರೆ ಅಪ್ಪಯ್ಯನವರ ಮಾತನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. 'ತಗಡು' ಅಂದರೆ ಬಾಗಿಲು ಒತ್ತಿದರೆ ಒಳಗೆ ಹೋಗುತ್ತದೆ ಎಂಬ ಅರ್ಥವಾದರೆ ಅದರಲ್ಲಿ ಹೆಚ್ಚು ಹುರುಳಿಲ್ಲ. ಈಗಿನ ಹೆಚ್ಚಿನ ಕಾರುಗಳ ಹೊರಮೈ ಉಕ್ಕು ಮುಕ್ಕಾಲು ಮಿಲಿಮೀಟರ್ ಆಸುಪಾಸಿನದೇ. ಡಿಕ್ಕಿಯಲ್ಲಿ ಜೀವ ಉಳಿಸುವುದು ಅದರ ಒಳಗಿನ ಚೌಕಟ್ಟು, ಅಂದರೆ ಗಾಜಿನ ಪಕ್ಕದ ಕಂಬ, ಬಾಗಿಲ ನಡುವಿನ ಕಂಬ, ಹೊಸ್ತಿಲ ಕೆಳಗಿನ ತೊಲೆ. ಈ ಕಂಪನಿ ಭಾರತದಲ್ಲಿ ಬಹುಕಾಲ ಹಿಂದೆ ಬಿದ್ದದ್ದು ಅಲ್ಲೇ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ಐ10ಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. ನೀವು ನೋಡುತ್ತಿರುವ ಪೀಳಿಗೆಯ ಕ್ರೆಟಾಗೆ 2022ರಲ್ಲಿ ಮೂರು ಸ್ಟಾರ್ ಬಂತು, ಚೌಕಟ್ಟು ಅಸ್ಥಿರ ಎಂಬ ಷರಾ ಸಮೇತ. 2023ರ ಅಕ್ಟೋಬರ್‌ನಲ್ಲಿ ಹೊಸ ವರ್ನಾ ಐದು ಸ್ಟಾರ್ ಪಡೆಯಿತು, ಅದೇ ತಿಂಗಳು ಕಂಪನಿ ತನ್ನ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್ ಕಡ್ಡಾಯ ಮಾಡಿತು. 2020–22ರ ಕ್ರೆಟಾದಲ್ಲಿ ಕೆಳಗಿನ ಮಾದರಿಗಳಿಗೆ ಇರುವುದು ಎರಡೇ ಏರ್‌ಬ್ಯಾಗ್. ಆದ್ದರಿಂದ ಬಜೆಟ್ ಬಂದರೆ ಮೇಲಿನ ಮಾದರಿಯನ್ನೇ ನೋಡಿ, ಅದರಲ್ಲಿ ಏರ್‌ಬ್ಯಾಗ್ ಎಷ್ಟಿವೆ ಎಂದು ಕೇಳಿ. ನೋಡಲು ಹೋದಾಗ ಇಎಸ್‌ಸಿ ಮತ್ತು ಏರಿನಲ್ಲಿ ಹೊರಡುವಾಗ ಗಾಡಿ ಹಿಂದಕ್ಕೆ ಹೋಗದಂತೆ ತಡೆಯುವ ಹಿಲ್ ಅಸಿಸ್ಟ್ ಇವೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಆರಿದ್ರಾ ಮಳೆಯಲ್ಲಿ ಪಾಚಿ ಕಟ್ಟಿದ ಘಾಟಿ ತಿರುವಿನಲ್ಲಿ ಗಾಡಿ ಜಾರದಂತೆ ಹಿಡಿಯುವುದು ಈ ಇಎಸ್‌ಸಿ. ಸನ್‌ರೂಫ್ ಬಿಟ್ಟರೂ ಇದನ್ನು ಬಿಡಬೇಡಿ.

ಮಗ ಓದಿದ ಸುದ್ದಿಯೂ ನಿಜ. ಅಮೆರಿಕದಲ್ಲಿ ಕೆಟ್ಟದ್ದು ಥೀಟಾ-2 ಎಂಬ 2.0 ಮತ್ತು 2.4 ಲೀಟರ್ ಪೆಟ್ರೋಲ್ ಎಂಜಿನ್. ಕ್ರ್ಯಾಂಕ್‌ಶಾಫ್ಟ್ ಕೊರೆಯುವಾಗ ಉಳಿದ ಲೋಹದ ಚೂರು ಆಯಿಲ್ ದಾರಿಯಲ್ಲಿ ಸಿಕ್ಕಿಕೊಂಡು, ಕನೆಕ್ಟಿಂಗ್ ರಾಡ್‌ನ ಬೇರಿಂಗ್‌ಗೆ ಆಯಿಲ್ ತಲುಪದೆ ಎಂಜಿನ್ ಕಚ್ಚಿಕೊಳ್ಳುತ್ತಿತ್ತು. 2015ರಿಂದ ರೀಕಾಲ್ ಮೇಲೆ ರೀಕಾಲ್ ಆದವು. ಕಂಪನಿಯದೇ ಎಂಜಿನಿಯರ್ ಕಿಮ್ ಗ್ವಾಂಗ್-ಹೊ 2016ರಲ್ಲಿ ದಾಖಲೆ ಸಮೇತ ಅಮೆರಿಕದ ಅಧಿಕಾರಿಗಳ ಮುಂದೆ ಹೋದರು. 2020ರಲ್ಲಿ ಹ್ಯುಂಡೈ 14 ಕೋಟಿ ಡಾಲರ್, ಅದರ ಸೋದರ ಕಂಪನಿ ಕಿಯಾ 7 ಕೋಟಿ ಡಾಲರ್‌ನ ದಂಡಕ್ಕೆ ಒಪ್ಪಬೇಕಾಯಿತು. ರೀಕಾಲ್ ತಡ ಮಾಡಿದ್ದು ದೊಡ್ಡ ತಪ್ಪು, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ನಿಮ್ಮ ಕ್ರೆಟಾದ 1.4, 1.5 ಎಂಜಿನ್‌ಗಳು ಆ ಕುಟುಂಬದವಲ್ಲ. ಅಮೆರಿಕದಲ್ಲಿ ಹುಡುಗರು ಈ ಕಾರುಗಳನ್ನು ಸುಲಭವಾಗಿ ಕದ್ದದ್ದು ಅಲ್ಲಿನ ಹಲವು ಮಾದರಿಗಳಲ್ಲಿ ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ವ್ಯವಸ್ಥೆ) ಇರಲಿಲ್ಲವೆಂದು. ಇಲ್ಲಿಯ ಕ್ರೆಟಾದಲ್ಲಿ ಅದು ಇದೆ. ಸ್ವತಃ ಕೊರಿಯಾದವರಿಗೂ ಈ ಕಂಪನಿಯ ಮೇಲೆ ಅನುಮಾನ ಇತ್ತು, ಪರದೇಶಕ್ಕೆ ಒಳ್ಳೆಯದನ್ನು ಕಳಿಸಿ ನಮಗೆ ಕಳಪೆ ಕೊಡುತ್ತಾರೆ ಎಂದು. ಅದನ್ನು ನೀಗಿಸಲು 2015ರ ಆಗಸ್ಟ್‌ನಲ್ಲಿ ಸೊಂಗ್ಡೊ ನಗರದಲ್ಲಿ ಜನರೆದುರೇ ಕೊರಿಯಾದಲ್ಲಿ ಮಾಡಿದ ಒಂದು ಸೊನಾಟಾವನ್ನೂ ಅಮೆರಿಕದಲ್ಲಿ ಮಾಡಿದ ಇನ್ನೊಂದು ಸೊನಾಟಾವನ್ನೂ ಎದುರುಬದುರು ಡಿಕ್ಕಿ ಹೊಡೆಸಿ ತೋರಿಸಿದರು.

ಭಾವನವರ ಮಾತು ಬೆಂಗಳೂರಿಗೆ ಸರಿ. ನಿಮ್ಮ ಲೆಕ್ಕ ಬೇರೆ. ಪೇಟೆಗೆ ದಿನಕ್ಕೆ 18 ಕಿ.ಮೀ., ಶಿವಮೊಗ್ಗಕ್ಕೆ ವಾರಕ್ಕೆ ಸುಮಾರು 120, ಮಣಿಪಾಲಕ್ಕೆ ತಿಂಗಳಿಗೊಮ್ಮೆ. ಎಲ್ಲ ಸೇರಿ ತಿಂಗಳಿಗೆ 1,200 ಕಿ.ಮೀ. ಆಸುಪಾಸು, ವರ್ಷಕ್ಕೆ ಸುಮಾರು 14,400. ಇದರಲ್ಲಿ ಅರ್ಧದಷ್ಟು ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಮುಗಿಯುವ ಓಡಾಟ. ಯಾವ ಎಂಜಿನ್ ಎಂದು ತೀರ್ಮಾನಿಸುವುದು ಈ ಅರ್ಧವೇ.

ಮೊದಲು ಡೀಸೆಲ್ ವಿಷಯ. 1.5 ಲೀಟರ್, 115 ಪಿಎಸ್ ಶಕ್ತಿ, 250 ಎನ್‌ಎಂ ಎಳೆತ. ಘಾಟಿ ಏರುವಾಗ ಇದರ ಎಳೆತದ ಸುಖ ಪೆಟ್ರೋಲ್‌ನಲ್ಲಿ ಸಿಗುವುದಿಲ್ಲ, 1,500 ಆರ್‌ಪಿಎಂನಿಂದಲೇ ಪೂರ್ತಿ ಬಲ ಬರುತ್ತದೆ. ತೊಂದರೆ ಇರುವುದು ಹೊಗೆಕೊಳವೆಯಲ್ಲಿ ಕೂತಿರುವ ಡಿಪಿಎಫ್‌ನಲ್ಲಿ. 2020ರ ಏಪ್ರಿಲ್‌ನ ಬಿಎಸ್6 ನಿಯಮದ ಜೊತೆ ಬಂದ ಮಸಿ ಹಿಡಿಯುವ ಫಿಲ್ಟರ್ ಅದು. ಅದರಲ್ಲಿ ಕೂತ ಮಸಿಯನ್ನು ಆಗಾಗ 600 ಡಿಗ್ರಿ ಆಸುಪಾಸಿನ ಶಾಖದಲ್ಲಿ ಸುಡಬೇಕು. ಅದಕ್ಕಾಗಿ ಎಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ನೀವು 9 ಕಿ.ಮೀ. ಹೋಗಿ ಗಾಡಿ ನಿಲ್ಲಿಸಿದರೆ ಆ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಎರಡು ಕಡೆ ಪೆಟ್ಟು: ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಲ್ಲಿ ಇಳಿದು ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಕಡಿಮೆ ಆಗುವ ಬದಲು 'ಎಫ್' ಗುರುತು ದಾಟಿ ಮೇಲೆ ಬಂದಿದ್ದರೆ, ಮೂಸಿದರೆ ಡೀಸೆಲ್ ವಾಸನೆ ಬಂದರೆ, ಆ ಆಯಿಲ್ ತೆಳ್ಳಗಾಗಿದೆ ಎಂದರ್ಥ. ಆಯಿಲ್ ಹೆಚ್ಚೇ ಇದೆಯಲ್ಲ ಎಂದು ಸಮಾಧಾನ ಪಟ್ಟುಕೊಂಡು ಓಡಿಸಿದರೆ ಟರ್ಬೊ ಮತ್ತು ಬೇರಿಂಗ್ ಹೋಗುತ್ತವೆ.

ಡೀಸೆಲ್‌ಗೆ ನಾನು ಹೇಳಿದ ಷರತ್ತು ಇದು: ವಾರದ ಶಿವಮೊಗ್ಗ ಓಡಾಟ ಮಳೆಗಾಲದಲ್ಲೂ ತಪ್ಪಬಾರದು. ಮಂಡಗದ್ದೆ, ಗಾಜನೂರು ಮೇಲಿನ ಆ ರಸ್ತೆಯಲ್ಲಿ 60 ಕಿ.ಮೀ.ಗಿಂತ ಮೇಲಿನ ವೇಗದಲ್ಲಿ, 1,500ರಿಂದ 2,000 ಆರ್‌ಪಿಎಂ ಇಟ್ಟುಕೊಂಡು ಸುಮಾರು 25 ನಿಮಿಷ ನಿಲ್ಲಿಸದೆ ಓಡಿಸಿದರೆ ಫಿಲ್ಟರ್ ಸುಟ್ಟು ಸ್ವಚ್ಛವಾಗುತ್ತದೆ. ಡಿಪಿಎಫ್ ದೀಪ ಬಂದಾಗ ಮಾಡಬೇಕಾದದ್ದೂ ಇದನ್ನೇ. ಗಾಡಿ ನಿಲ್ಲಿಸಿದಾಗ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿದ್ದು, ಕಾದ ಲೋಹದ ವಾಸನೆ ಬರುತ್ತಿದ್ದರೆ ಸುಡುವ ಕೆಲಸ ನಡೆಯುತ್ತಿದೆ ಎಂದು ತಿಳಿಯಿರಿ. ಸಾಧ್ಯವಾದರೆ ಹತ್ತು ನಿಮಿಷ ಮುಂದಕ್ಕೆ ಓಡಿಸಿ ಬನ್ನಿ. ಇದಕ್ಕೆ ಕಡಿಮೆ ಬೂದಿಯ ಆಯಿಲ್ಲೇ ಬೇಕು, ಟ್ರ್ಯಾಕ್ಟರ್‌ಗೆ ತಂದದ್ದರಲ್ಲಿ ಅರ್ಧ ಲೀಟರ್ ಸುರಿಯುವ ಅಭ್ಯಾಸ ಇಲ್ಲಿ ನಡೆಯದು. ಆ ಆಯಿಲ್‌ನ ಬೂದಿ ಸುಟ್ಟು ಹೋಗುವುದಿಲ್ಲ, ಫಿಲ್ಟರ್‌ನಲ್ಲಿ ಶಾಶ್ವತವಾಗಿ ಕೂರುತ್ತದೆ. ಕೊಳ್ಳುವ ಮೊದಲು ಸ್ಕ್ಯಾನರ್ ಹಾಕಿಸಿ ಪಿ2463 ಅಥವಾ ಪಿ2002 ಎಂಬ ಡಿಪಿಎಫ್ ದೋಷದ ಕೋಡ್ ಇದೆಯೇ, ಹಿಂದಿನ ಸಲ ಸುಟ್ಟು ಎಷ್ಟು ಕಿ.ಮೀ. ಆಯಿತು ಎಂದು ನೋಡಿಸಿ. ಕೋಡ್ ಅಳಿಸಿ ಮಾರುವವರೂ ಇದ್ದಾರೆ. ಆದ್ದರಿಂದ ಅರ್ಧ ಗಂಟೆ ಓಡಿಸಿದ ಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ಫಿಲ್ಟರ್ ಒಡೆದು ಖಾಲಿ ಕೊಳವೆ ಕೂರಿಸಿದ ಗಾಡಿ ಸಿಕ್ಕರೆ ಮಾತೇ ಬೇಡ, ಬಿಟ್ಟು ಬನ್ನಿ.

ಇನ್ನು 1.4 ಟರ್ಬೊ. 140 ಪಿಎಸ್, 242 ಎನ್‌ಎಂ, ಓಡಿಸಲು ತುಂಬ ಚೆಂದ. ಅದಕ್ಕೆ ಜೋಡಿಸಿರುವುದು ಏಳು ಗೇರಿನ ಡಿಸಿಟಿ. ಇದು ಆಟೊಮ್ಯಾಟಿಕ್ ಎನಿಸಿದರೂ ಒಳಗಿರುವುದು ಎರಡು ಒಣ ಕ್ಲಚ್ ಪ್ಲೇಟ್. ನಿಮ್ಮ ಸ್ಯಾಂಟ್ರೊದಲ್ಲಿ ಕಾಲಿನಿಂದ ಒತ್ತುವ ಕ್ಲಚ್ಚನ್ನು ಇಲ್ಲಿ ಯಂತ್ರವೇ ಒತ್ತುತ್ತದೆ. ಮಣ್ಣು ರಸ್ತೆಯ ಏರಿನಲ್ಲಿ ನಡಿಗೆ ವೇಗದಲ್ಲಿ ಹತ್ತುವಾಗ, ಘಾಟಿಯಲ್ಲಿ ಬಸ್ಸಿನ ಹಿಂದೆ ತೆವಳುವಾಗ ಆ ಪ್ಲೇಟ್‌ಗಳು ಪೂರ್ತಿ ಕೂಡಿಕೊಳ್ಳದೆ ಉಜ್ಜುತ್ತಲೇ ಇರುತ್ತವೆ. ಸುತ್ತ ಆಯಿಲ್ ಇಲ್ಲದ್ದರಿಂದ ಶಾಖ ಬೇಗ ಇಳಿಯುವುದಿಲ್ಲ. ಪರದೆಯಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಸೂಚನೆ ಬರುತ್ತದೆ. ಆಗ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, 'ಪಿ'ಗೆ ಹಾಕಿ, ಎಂಜಿನ್ ಆರಿಸದೆ ತಣಿಯಲು ಬಿಡಬೇಕು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ಹಿಡಿದು ನಿಲ್ಲಿಸುವ ಅಭ್ಯಾಸ ಇದರ ದೊಡ್ಡ ಶತ್ರು. ಹೆದ್ದಾರಿಯಲ್ಲೇ ಓಡುವವರಿಗೆ ಇದು ಒಳ್ಳೆಯ ಗಾಡಿ. ದಿನಾ ತೋಟದ ಏರು ಹತ್ತಿಸುವವರಿಗೆ ಅಲ್ಲ. ಜೊತೆಗೆ ಈ ಎಂಜಿನ್ ಕ್ರೆಟಾದಲ್ಲಿ 2023ರಲ್ಲಿ ನಿಂತುಹೋಗಿದೆ.

ಉಳಿದದ್ದು 1.5 ಪೆಟ್ರೋಲ್: 115 ಪಿಎಸ್, 144 ಎನ್‌ಎಂ, ಆರು ಗೇರು. ಟರ್ಬೊ ಇಲ್ಲ, ಡಿಪಿಎಫ್ ಇಲ್ಲ. ಟೈಮಿಂಗ್‌ಗೆ ನಿಮ್ಮ ಸ್ಯಾಂಟ್ರೊದಂತೆ ಬೆಲ್ಟ್ ಅಲ್ಲ, ಚೈನು. ಕೆಡಲು ಇರುವ ವಸ್ತುಗಳೇ ಕಡಿಮೆ. ಘಾಟಿಯಲ್ಲಿ ಕೈ ಮತ್ತು ಕಾಲಿಗೆ ಕೆಲಸ ಜಾಸ್ತಿ, ಯಾಕೆಂದರೆ ಬಲ ಬರುವುದು ಮೇಲಿನ ಆರ್‌ಪಿಎಂನಲ್ಲಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಎರಡನೇ ಗೇರಿನಲ್ಲಿ 3,000 ಆರ್‌ಪಿಎಂ ಇಟ್ಟು ಹತ್ತಿಸಿ, ಮೂರನೇ ಗೇರಿನಲ್ಲಿ ಒದ್ದಾಡಿಸಬೇಡಿ. ಆಟೊಮ್ಯಾಟಿಕ್ ಬೇಕೇ ಬೇಕು ಎಂದಾದರೆ ಡೀಸೆಲ್ ಜೊತೆ ಬರುವ ಆರು ಗೇರಿನ ಟಾರ್ಕ್ ಕನ್ವರ್ಟರ್ ಏರಿಗೆ ಎಲ್ಲಕ್ಕಿಂತ ಗಟ್ಟಿ, ಆದರೆ ಡಿಪಿಎಫ್ ಷರತ್ತು ಅದಕ್ಕೂ ಇದೆ. ಪೆಟ್ರೋಲ್ ಜೊತೆ ಬರುವ ಐವಿಟಿ ಎಂಬ ಆಟೊಮ್ಯಾಟಿಕ್ ನಿಧಾನವಾಗಿ ಓಡಿಸುವವರಿಗೆ ಆದೀತು, ಕೆಸರಿನಲ್ಲಿ ಚಕ್ರ ತಿರುಗಿಸುವವರಿಗೆ ಬೇಡ. ಒಂದು ವೇಳೆ 2023ರ ಐವಿಟಿ ಸಿಕ್ಕರೆ ಚಾಸಿಸ್ ನಂಬರ್ ಕೊಟ್ಟು ಕೇಳಿ. ಆ ವರ್ಷ ಫೆಬ್ರವರಿಯಿಂದ ಜೂನ್ ನಡುವೆ ತಯಾರಾದ 7,698 ಕ್ರೆಟಾ ಮತ್ತು ವರ್ನಾ ಗಾಡಿಗಳನ್ನು ಎಲೆಕ್ಟ್ರಾನಿಕ್ ಆಯಿಲ್ ಪಂಪ್‌ನ ಕಂಟ್ರೋಲರ್ ದೋಷಕ್ಕಾಗಿ ಹಿಂದಕ್ಕೆ ಕರೆಸಿದ್ದರು.

ನೋಡಲು ಹೋಗುವುದು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ. ಬಾನೆಟ್ ಮೇಲೆ ಕೈ ಇಟ್ಟು ನೋಡಿ, ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಕೂರುವ ಗುಂಡಿಯಲ್ಲಿ ನೀರಿನ ಗುರುತು, ತುಕ್ಕು ಹುಡುಕಿ. ಕೆಎ-19, ಕೆಎ-20 ನಂಬರಿನ ಗಾಡಿಯಾದರೆ ಉಪ್ಪು ಗಾಳಿಯಲ್ಲಿ ಇದ್ದದ್ದು, ಲಿಫ್ಟ್ ಮೇಲೆ ಹತ್ತಿಸಿ ಹಿಂದಿನ ಆಕ್ಸಲ್, ಬ್ರೇಕ್ ಪೈಪ್, ಸೈಲೆನ್ಸರ್ ಕ್ಲಾಂಪ್ ನೋಡದೆ ಮುಂಗಡ ಕೊಡಬೇಡಿ. ರಸ್ತೆಯ ಉಬ್ಬನ್ನು 10–15 ಕಿ.ಮೀ. ವೇಗದಲ್ಲಿ ದಾಟಿಸಿ: 'ಕಟ್ ಕಟ್' ಎಂದರೆ ಸ್ಟೆಬಿಲೈಸರ್ ಲಿಂಕ್, ಸಣ್ಣ ಖರ್ಚು. 'ಧಡ್' ಎಂದು ಕೂತರೆ ಸ್ಟ್ರಟ್ ಮೌಂಟ್ ಅಥವಾ ಲೋವರ್ ಆರ್ಮ್ ಬುಷ್, ಅದನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.

ದೊಡ್ಡ ಸನ್‌ರೂಫ್ ಇರುವ ಗಾಡಿಯಾದರೆ ಇದನ್ನು ಮರೆಯದೆ ಮಾಡಿ. ಸನ್‌ರೂಫ್ ತೆರೆದು ಚೌಕಟ್ಟಿನ ಮುಂದಿನ ಎರಡು ಮೂಲೆ ನೋಡಿ, ಅಲ್ಲಿ ಹೆಸರುಕಾಳು ಹೋಗುವಷ್ಟು ಸಣ್ಣ ತೂತು ಇರುತ್ತದೆ. ಮಳೆನೀರು ಅಲ್ಲಿಂದ ಕಂಬದೊಳಗಿನ ರಬ್ಬರ್ ನಳಿಗೆಯಲ್ಲಿ ಇಳಿದು ಕೆಳಗೆ ಹೊರಬೀಳಬೇಕು. ಮರದಡಿ ನಿಲ್ಲಿಸಿದ ಗಾಡಿಯಲ್ಲಿ ದರಗು, ಹೂವಿನ ಎಸಳು, ಧೂಳು ಸೇರಿ ಆ ತೂತು ಮುಚ್ಚುತ್ತದೆ. ನೀರು ಒಳಗೆ ತಿರುಗಿ ಚಾವಣಿ ಬಟ್ಟೆಯಲ್ಲಿ ಕಂದು ಕಲೆಯಾಗಿ, ಕಾಲಿನ ಮ್ಯಾಟಿನ ಕೆಳಗೆ ನಿಂತು, ಅಲ್ಲೇ ಹಾದುಹೋಗುವ ವೈರಿನ ಕನೆಕ್ಟರ್‌ಗಳನ್ನು ಹಸಿರುಗಟ್ಟಿಸುತ್ತದೆ. ಪ್ರತಿ ಮೂಲೆಗೂ ಒಂದು ಲೋಟ ನೀರು ನಿಧಾನವಾಗಿ ಬಿಡಿ, ಮುಂದಿನ ಚಕ್ರದ ಹಿಂಬದಿ ನೆಲಕ್ಕೆ ಬೀಳಬೇಕು. ಬೀಳದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ ಬಿಡಿಸಬಹುದು. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಒಳಗೆ ನಳಿಗೆಯ ಜೋಡಣೆ ಕಳಚಿದರೆ ಚಾವಣಿಯನ್ನೇ ಬಿಚ್ಚಬೇಕಾಗುತ್ತದೆ.

ಕೊಂಡ ಮೇಲೆ ಸರ್ವಿಸ್ ಪುಸ್ತಕದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ ಎಂದು ಇರುವುದು ಸಾಧಾರಣ ಬಳಕೆಗೆ. ಅದೇ ಪುಸ್ತಕದಲ್ಲಿ ಕಠಿಣ ಬಳಕೆ ಎಂಬ ಇನ್ನೊಂದು ಪಟ್ಟಿ ಇದೆ: 8 ಕಿ.ಮೀ.ಗಿಂತ ಚಿಕ್ಕ ಓಡಾಟ, ಕೆಸರು ರಸ್ತೆ, ಗುಡ್ಡದ ರಸ್ತೆ. ಓಡಾಟದಲ್ಲಿ ನೀವು ಆ ಅಂಚಿನಲ್ಲಿದ್ದೀರಿ, ರಸ್ತೆಯಲ್ಲಂತೂ ಪೂರ್ತಿ ಅದೇ. ಆದ್ದರಿಂದ ಎಂಜಿನ್ ಆಯಿಲ್ಲನ್ನು 5,000 ಕಿ.ಮೀ. ಅಥವಾ ಆರು ತಿಂಗಳಿಗೆ ಬದಲಿಸಿ. ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಬದಿ ಬೆಣ್ಣೆಯಂತೆ ಬಿಳಿ ಜಿಡ್ಡು ಕಂಡರೆ ಕೂಡಲೇ ಗಾಬರಿ ಬೇಡ, ಚಿಕ್ಕ ಓಡಾಟದಲ್ಲಿ ಆರದೆ ಉಳಿದ ನೀರಾವಿ ಅದು. ಒರೆಸಿ, ಶಿವಮೊಗ್ಗಕ್ಕೆ ಒಮ್ಮೆ ಹೋಗಿಬಂದ ಮೇಲೆ ಮತ್ತೆ ನೋಡಿ. ಆಗಲೂ ಇದ್ದು, ಕೂಲಂಟ್ ಮಟ್ಟವೂ ಇಳಿದಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಿ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಗಲಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಹೊಸದಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿಗೆ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುವುದು ಒಳಗೆ ಆವಿಯ ಗುಳ್ಳೆ ಆದಾಗ. ಇಳಿಯುವಾಗಲೂ ಎರಡನೇ ಗೇರು, ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ. ಮಳೆಗಾಲದ ರಾತ್ರಿ ಮನೆಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಹಿಂದೆ ಡ್ರಮ್ ಬ್ರೇಕ್ ಇರುವ ಗಾಡಿಯಲ್ಲಿ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ.

ಇಲಿ ಕಾಟಕ್ಕೆ ಬಾನೆಟ್ ಒಳಗೆ ಹೊಗೆಸೊಪ್ಪಿನ ಗಂಟು ಕಟ್ಟುವವರು ಅದನ್ನು ಸೈಲೆನ್ಸರ್ ಕೊಳವೆಯಿಂದ ದೂರ ಕಟ್ಟಿ, ಬಟ್ಟೆಗೆ ಬೆಂಕಿ ಹತ್ತುತ್ತದೆ. ಗಾಡಿ ನಿಲ್ಲಿಸುವ ಕಡೆ ಅಡಿಕೆ, ಭತ್ತದ ಚೀಲ, ನಾಯಿ ಅನ್ನ ಇಡದಿರುವುದು ಅದಕ್ಕಿಂತ ಒಳ್ಳೆಯ ಉಪಾಯ. ಕಚ್ಚಿದ ವೈರನ್ನು ಹೊಸೆದು ಟೇಪ್ ಸುತ್ತಿದರೆ ನಮ್ಮ ತೇವದಲ್ಲಿ ಒಂದೇ ಮಳೆಗಾಲ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ. ಅಂಡರ್‌ಬಾಡಿ ಕೋಟಿಂಗ್ ಮಾಡಿಸುವುದಾದರೆ ಮಾರ್ಚ್–ಏಪ್ರಿಲ್‌ನಲ್ಲಿ, ಕೆಂಪು ಮಣ್ಣು ಪೂರ್ತಿ ತೊಳೆದು ಒಣಗಿಸಿದ ಮೇಲೆ. ಒದ್ದೆ ಮಣ್ಣಿನ ಮೇಲೆ ಬಳಿದ ರಬ್ಬರ್ ಕೋಟ್ ತುಕ್ಕನ್ನು ಒಳಗೇ ಬೆಳೆಸುತ್ತದೆ. ಬಾಗಿಲ ಕೆಳಗಿನ ಅಂಚಿನ ನೀರುತೂತುಗಳನ್ನು ಹಿಡಿಕಡ್ಡಿಯಿಂದ ಬಿಡಿಸಿಡಿ.

ಬೆಲೆ ಮಾತಾಡುವ ಮೊದಲು, ಮಾರುವವರು ಒಪ್ಪಿದರೆ, ಗಾಡಿಯನ್ನು ನಿಮ್ಮ ಮನೆಯ ಮಣ್ಣು ರಸ್ತೆಗೇ ತನ್ನಿ. ಅಪ್ಪಯ್ಯನವರೂ ಸೇರಿ ನಾಲ್ಕು ಜನ ಕೂತು, ಏರಿನ ನಡುವೆ ಪೂರ್ತಿ ನಿಲ್ಲಿಸಿ ಮೊದಲ ಗೇರಿನಲ್ಲಿ ಹೊರಡಿಸಿ, ಆಮೇಲೆ ಅದೇ ಏರನ್ನು ರಿವರ್ಸ್‌ನಲ್ಲಿ ಹತ್ತಿಸಿ. ಗಾಡಿ ನಡುಗಿದರೆ, ಸುಟ್ಟ ಕ್ಲಚ್‌ನ ಘಾಟು ಬಂದರೆ, ಅಥವಾ ಆರ್‌ಪಿಎಂ ಏರಿದರೂ ಗಾಡಿ ಏರದಿದ್ದರೆ, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಬದಲಿಸುವ ಖರ್ಚನ್ನು ಕೇಳಿದ ಬೆಲೆಯಲ್ಲಿ ಕಳೆದು ಮಾತಾಡಿ.